ನೀರು ನೋಡುವ ಅಕ್ಕೋರು

ಅಕ್ಕೋರ ಎಡಗಣ್ಣಿನ ಅಂಚಿನಲ್ಲಿ ಮೂರು ಆಳವಾದ ಗೆರೆಗಳಿದ್ದವು. ಬಲಗಣ್ಣಿನ ಅಂಚಿನಲ್ಲಿ ಒಂದೂ ಇರಲಿಲ್ಲ. ವರ್ಷಾನುಗಟ್ಟಲೆ ಎಡಗಣ್ಣು ಮುಚ್ಚಿ ಬಲಗಣ್ಣನ್ನು ಸೂಕ್ಷ್ಮದರ್ಶಕದ ಕೊಳವೆಗೆ ಹಚ್ಚಿ ಕೂತದ್ದರಿಂದ ಮುಖದ ಒಂದು ಪಕ್ಕಕ್ಕೆ ಮಾತ್ರ ವಯಸ್ಸಾದಂತೆ ಕಾಣುತ್ತಿತ್ತು. ಬಿಸಿಲಿಗೆ ಬಂದರೂ, ಯಾರಾದರೂ ಮಾತಾಡಿಸಿದರೂ ಆ ಕಣ್ಣು ತಾನಾಗಿಯೇ ಅರ್ಧ ಮುಚ್ಚಿಕೊಳ್ಳುತ್ತಿತ್ತು. ಮಾಳಿಗೆಯ ಖೋಲಿ ಬಾಡಿಗೆಗೆ ಇದೆಯೇ ಎಂದು ಕೇಳಿಕೊಂಡು ಬನಹಟ್ಟಿಯ ನಮ್ಮ ಮನೆಗೆ ಅವರು ಮೊದಲ ಸಲ ಬಂದ ದಿನ, ನನ್ನ ಮಾವ ಗಡಬಡಿಸಿ ಒಳಗೆ ಬಂದು ಅತ್ತೆಗೆ ಹೇಳಿದರು: “ಆ ಹೆಣ್ಣಮಗಳು ನನ್ನ ನೋಡಿ ಕಣ್ಣ ಹೊಡದಂಗ ಮಾಡ್ತಾಳಲ್ಲ!”

ಅತ್ತೆ ಹೊರಗೆ ಇಣುಕಿ ನೋಡಿ, “ನಿಮ್ಮ ನೋಡಿ ಯಾರ ಕಣ್ಣ ಹೊಡೀತಾರ? ಸುಮ್ನ ಕೀಲಿ ಕೊಡ್ರಿ,” ಎಂದರು.

ಬಾಗಲಕೋಟೆ ಬೇರೆ ಜಿಲ್ಲೆಯಾದ ಮರುವರ್ಷ ಅದು. ನಾನು ಮದುವೆಯಾಗಿ ಆ ಮನೆಗೆ ಬಂದು ಎರಡು ವರ್ಷವಾಗಿತ್ತು. ಅಕ್ಕೋರು ಊರಿನ ಒಂದು ಹೈಸ್ಕೂಲಿಗೆ ವಿಜ್ಞಾನ ಕಲಿಸಲು ಬಂದಿದ್ದರು. ನಮ್ಮ ಕಡೆ ಸಾಲಿ ಕಲಿಸುವ ಹೆಂಗಸರಿಗೆಲ್ಲ ಅಕ್ಕೋರು ಎಂದೇ ಅನ್ನುತ್ತಾರೆ. ಹೆಸರು ಹಿಡಿದು ಯಾರೂ ಕರೆಯುವುದಿಲ್ಲ. ಹನ್ನೊಂದು ವರ್ಷ ನಮ್ಮ ಮಾಳಿಗೆಯ ಮೇಲೆ ಇದ್ದ ಆಕೆಯನ್ನು ನಾನೂ ಒಮ್ಮೆಯೂ ಹೆಸರಿನಿಂದ ಕರೆಯಲಿಲ್ಲ.

ಅವರ ಜೊತೆ ಬಂದ ಸಾಮಾನು ಬಹಳ ಇರಲಿಲ್ಲ. ಒಂದು ಟ್ರಂಕು, ಒಂದು ಸ್ಟೋವು, ಇಂಜೆಕ್ಷನ್ನಿನ ಖಾಲಿ ಸಣ್ಣ ಬಾಟಲಿಗಳು ತುಂಬಿದ ಎರಡು ಕೈಚೀಲ. ಆಮೇಲೆ ಹೊದೆಯುವ ಕೌದಿಯಲ್ಲಿ ಸುತ್ತಿದ ಒಂದು ಕಟ್ಟಿಗೆಯ ಪೆಟ್ಟಿಗೆ. ಅದನ್ನು ಹಮಾಲನ ಕೈಗೆ ಕೊಡದೆ ತಾವೇ ಕೂಸಿನ ಹಾಗೆ ಎದೆಗವಚಿಕೊಂಡು ಮೆಟ್ಟಿಲು ಹತ್ತಿದರು. ಮಿರಜಿನ ಡಾಕ್ಟರರೊಬ್ಬರು ವಯಸ್ಸಾಗಿ ದವಾಖಾನೆ ಮುಚ್ಚುವಾಗ ಅವರಿಂದ ಕೊಂಡ ಹಳೆಯ ಸೂಕ್ಷ್ಮದರ್ಶಕ ಅದರಲ್ಲಿತ್ತು. ನಮ್ಮ ಓಣಿಯವರ ಬಾಯಲ್ಲಿ ಅದು ದುರ್ಬೀನು ಆಯಿತು. ದೂರದ್ದನ್ನು ನೋಡುವುದಕ್ಕೆ ದುರ್ಬೀನು ಅನ್ನುತ್ತಾರೆ, ಇದು ಬೇರೆ ಎಂದು ಅಕ್ಕೋರು ಮೊದಮೊದಲು ತಿದ್ದಿ ನೋಡಿದರು. ಆಮೇಲೆ ತಾವೂ ದುರ್ಬೀನು ಎನ್ನತೊಡಗಿದರು.

ಬಂದ ಮರುದಿನವೇ ಒಂದು ತೊಂದರೆ ಗೊತ್ತಾಯಿತು. ನಮ್ಮ ಮನೆಯ ಕೆಳಗೆ ನಾಲ್ಕು ವಿದ್ಯುತ್ ಮಗ್ಗಗಳಿದ್ದವು. ಎಡಕ್ಕೂ ಬಲಕ್ಕೂ ಇದ್ದ ಮನೆಗಳಲ್ಲೂ ಮಗ್ಗಗಳೇ. ಬೆಳಗಿನಿಂದ ಅವು ಹೊಡೆಯುತ್ತಿದ್ದರೆ ಮಾಳಿಗೆಯ ನೆಲವೂ ಸಣ್ಣಗೆ ನಡುಗುತ್ತಿತ್ತು. ನಮಗದು ರೂಢಿಯಾಗಿತ್ತು. ಆದರೆ ನಾನೂರು ಪಟ್ಟು ದೊಡ್ಡದು ಮಾಡಿ ತೋರಿಸುವ ಯಂತ್ರಕ್ಕೆ ನಡುಕವೂ ನಾನೂರು ಪಟ್ಟೇ. ಅಕ್ಕೋರು ಕೊಳವೆಗೆ ಕಣ್ಣಿಟ್ಟರೆ ಎಲ್ಲವೂ ಕಲಸಿದ ಹಾಗೆ ಕಾಣುತ್ತಿತ್ತಂತೆ. ಟೇಬಲ್ಲಿನ ಕಾಲಿಗೆ ಹಳೆಯ ಸೈಕಲ್ ಟ್ಯೂಬು ಕಟ್ಟಿ ನೋಡಿದರು. ಮರಳಿನ ಚೀಲದ ಮೇಲಿಟ್ಟು ನೋಡಿದರು. ಯಾವುದೂ ನಡೆಯಲಿಲ್ಲ. ಕಡೆಗೆ ಉಳಿದದ್ದು ಒಂದೇ: ಕರೆಂಟು ಹೋಗುವುದನ್ನು ಕಾಯುವುದು. ಆ ಯಂತ್ರಕ್ಕೆ ಕರೆಂಟು ಬೇಕಿರಲಿಲ್ಲ, ಅಡಿಯ ಕನ್ನಡಿಯನ್ನು ಬಿಸಿಲಿಗೆ ತಿರುಗಿಸಿದರೆ ಸಾಕಿತ್ತು. ಬನಹಟ್ಟಿಯಲ್ಲಿ ಆಗ ಕರೆಂಟು ಹೋಗುವುದಕ್ಕೇನೂ ಕಡಿಮೆ ಇರಲಿಲ್ಲ. ಮಗ್ಗಗಳು ಒಮ್ಮೆಲೇ ನಿಂತು, ಕೆಳಗೆ ಮಾವ ಹಣೆ ಗಟ್ಟಿಸಿಕೊಳ್ಳುವ ಹೊತ್ತಿಗೆ, ಮೇಲೆ ಅಕ್ಕೋರು ಕುರ್ಚಿ ಎಳೆದುಕೊಳ್ಳುವ ಸಪ್ಪಳ ಕೇಳುತ್ತಿತ್ತು.

“ನಿಮ್ಮ ಹೊಟ್ಟಿ ಮ್ಯಾಲ ಕಲ್ಲ ಬಿದ್ದಾಗ ನನಗ ಸುಗ್ಗಿ ಆಕ್ಕೈತಿ,” ಎಂದು ಒಮ್ಮೆ ನನಗೆ ಹೇಳಿದರು. “ನಾಚಿಕಿ ಬರತೈತಿ ತಂಗಿ. ಆದ್ರೂ ಖರೆ ಹೇಳತೇನಿ, ಕರೆಂಟ್ ಹೋದ್ರ ನನಗ ಖುಷಿನ.”

ನಾನು ಮಾಳಿಗೆಗೆ ಹೋಗತೊಡಗಿದ್ದೂ ಹಾಗೆಯೇ. ನನ್ನ ಕೆಲಸ ಕಂಡಿಕೆ ಸುತ್ತುವುದು, ಅಂದರೆ ಮಗ್ಗದ ಲಾಳಿಯೊಳಗೆ ಇಡುವ ಸಣ್ಣ ಕೋಲಿಗೆ ನೂಲು ಸುತ್ತಿ ಕೊಡುವುದು. ಕರೆಂಟು ಹೋದರೆ ನನಗೂ ಬಿಡುವು. ಪಿಯುಸಿಯಲ್ಲಿ ವಿಜ್ಞಾನ ಓದುತ್ತಿದ್ದವಳನ್ನು ನಡುವೆ ಬಿಡಿಸಿ ಮದುವೆ ಮಾಡಿದ್ದರು. ಆ ವಿಷಯ ಅವರಿಗೆ ಅತ್ತೆ ಹೇಳಿರಬೇಕು. ಒಂದು ಮಧ್ಯಾಹ್ನ ಚಹಾ ಕೊಡಲು ಹೋದವಳನ್ನು ಕೂಡಿಸಿ, ಕೊಳವೆಗೆ ಕಣ್ಣಿಡಲು ಹೇಳಿ, ಕೈಗೆ ಪೆನ್ಸಿಲ್ಲು ಕೊಟ್ಟರು.

“ಏನ್ ಕಾಣತೈತಿ ಅದರ ಚಿತ್ರಾ ತಗಿ. ಏನ್ ಕಾಣಬೇಕು ಅನ್ನೂದನ್ನ ತಗೀಬ್ಯಾಡ.”

ನನಗೆ ಕಂಡದ್ದು ಗಾಜಿನಲ್ಲಿ ಕೊರೆದಂತಹ ಒಂದು ಸಣ್ಣ ದೋಣಿ. ಅದರ ಮೈತುಂಬ ಗೆರೆ. ಮಗ್ಗದ ಹಣಿಗೆಯ ಹಲ್ಲುಗಳ ಹಾಗೆ, ಒಂದರ ಪಕ್ಕ ಒಂದು, ಎಲ್ಲೂ ತಪ್ಪಿಲ್ಲ. ಡಯಾಟಮ್ ಎಂಬ ಒಂದೇ ಜೀವಕೋಶದ ಪಾಚಿ ಅದು ಎಂದು ಅವರು ಹೇಳಿದರು. ತನ್ನ ಸುತ್ತ ತಾನೇ ಗಾಜಿನ ಚಿಪ್ಪು ಕಟ್ಟಿಕೊಳ್ಳುತ್ತದೆ. ಜೀವ ಹೋದ ಮೇಲೂ ಚಿಪ್ಪು ಹಾಳಾಗುವುದಿಲ್ಲ. ಹರಿಯುವ ನೀರಿಗೆ ಒಂದು ಜಾತಿ, ನಿಂತ ನೀರಿಗೆ ಇನ್ನೊಂದು ಜಾತಿ. ಕಣ್ಣು ಪಳಗಿದರೆ ಒಂದು ಹನಿ ನೋಡಿ ಅದು ಎಂಥ ನೀರು ಎಂದು ಹೇಳಬಹುದು.

ನಾನು ಬರೆದ ಚಿತ್ರವನ್ನು ಅವರು ಬಹಳ ಹೊತ್ತು ಹಿಡಿದುಕೊಂಡು ನೋಡಿದರು. “ಕಂಡಿಕಿ ಸುತ್ತೂ ಕೈ,” ಎಂದರು. “ನಡಗೂದಿಲ್ಲ.” ಅಂದಿನಿಂದ ಅವರು ನೋಡುವುದು, ನಾನು ಚಿತ್ರ ಬರೆಯುವುದು ನಡೆಯಿತು.

ಅವರ ಊರು ಬೀಳಗಿ ತಾಲ್ಲೂಕಿನದು, ಹೊಳೆಯ ದಂಡೆಯ ಮೇಲಿತ್ತು. ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗುವ ಊರುಗಳ ಪಟ್ಟಿಯಲ್ಲಿ ಅದೂ ಇತ್ತು. ತಾಯಿ ಮೊದಲೇ ತೀರಿಕೊಂಡಿದ್ದರು. ಒಬ್ಬನೇ ತಮ್ಮ, ಸಂಸಾರ ಕಟ್ಟಿಕೊಂಡು ಸೊಲ್ಲಾಪುರದ ಕಡೆ ಹೋದವನು, ಮೊದಲು ಪತ್ರ ಬರೆಯುತ್ತಿದ್ದ, ಆಮೇಲೆ ಬಿಟ್ಟ. ಊರ ಜನ ಮೂರು ಪುನರ್ವಸತಿ ಕೇಂದ್ರಗಳಿಗೆ ಹಂಚಿಹೋದರು. ಅಕ್ಕೋರು ಮದುವೆಯಾಗಿರಲಿಲ್ಲ. ಯಾಕೆ ಎಂದು ನಮ್ಮ ಅತ್ತೆ ಕೇಳಿದ್ದಕ್ಕೆ, “ಮೊದಲ ತಮ್ಮನ ಸಾಲಿ ಇತ್ತು, ಆಮ್ಯಾಲ ಅವನ ಲಗ್ನ ಇತ್ತು, ಆಮ್ಯಾಲ ನನಗ ವ್ಯಾಳೇನ ಇರಲಿಲ್ಲ,” ಎಂದಿದ್ದರು. ನಗಬೇಕೋ ಬೇಡವೋ ಅತ್ತೆಗೆ ತಿಳಿಯಲಿಲ್ಲ.

ನೀರು ಬರುವ ಮೊದಲು ಪ್ರತಿ ಭಾನುವಾರ ಅವರು ಆ ಊರಿಗೆ ಹೋಗುತ್ತಿದ್ದರು. ಜಮಖಂಡಿಯಲ್ಲಿ ಬಸ್ಸು ಬದಲಿಸಿ, ಬೀಳಗಿಯಲ್ಲಿ ಇಳಿದು, ಸಿಕ್ಕ ಟೆಂಪೋದಲ್ಲಿ ಒಂದಿಷ್ಟು ದೂರ, ಆಮೇಲೆ ನಡಿಗೆ. ಬಾಗಿಲು ಚೌಕಟ್ಟು ಕಿತ್ತುಕೊಂಡು ಹೋಗಿದ್ದ ಮನೆಗಳ ನಡುವೆ ಹಾದು ಹೊಳೆಯ ಪಾವಟಿಗೆಗೆ, ಅಂದರೆ ನೀರಿನ ತನಕ ಹೋಗುವ ಕಲ್ಲಿನ ಮೆಟ್ಟಿಲುಗಳಿಗೆ, ಇಳಿಯುತ್ತಿದ್ದರು. ಅಲ್ಲಿನ ಕಲ್ಲುಗಳ ಮೇಲಿನ ಕಂದು ಪಾಚಿಯನ್ನು ಹಲ್ಲುಜ್ಜುವ ಬ್ರಷ್ಷಿನಿಂದ ಕೆರೆದು ಬಾಟಲಿಗೆ ತುಂಬಿ, ಮೇಲೆ ಚೀಟಿ ಹಚ್ಚುತ್ತಿದ್ದರು. ಯಾವ ಕಲ್ಲು, ಎಷ್ಟು ಆಳ, ಯಾವ ತಿಂಗಳು. ಒಂದು ಸಲ ನಾನೂ ಹೋಗಿದ್ದೆ. ಊರಲ್ಲಿ ಒಂದು ನಾಯಿ ಬಿಟ್ಟರೆ ಯಾರೂ ಇರಲಿಲ್ಲ. ಅಕ್ಕೋರು ಮೊಣಕಾಲ ತನಕ ಸೀರೆ ಎತ್ತಿ ಕಟ್ಟಿ ನೀರಲ್ಲಿ ನಿಂತು ಕಲ್ಲು ಉಜ್ಜುತ್ತಿದ್ದರೆ, ದಂಡೆಯ ಮೇಲೆ ಕುಳಿತಿದ್ದ ನನಗೆ ಯಾರೋ ಹೆಂಗಸು ಪಾತ್ರೆ ತಿಕ್ಕುತ್ತಿದ್ದಾಳೆ ಎನ್ನಿಸಿತು.

ಎರಡು ವರ್ಷದ ನಂತರ ಪಾವಟಿಗೆ ಮುಳುಗಿತು. ಆಮೇಲೂ ಅವರು ಹೋಗುವುದನ್ನು ಬಿಡಲಿಲ್ಲ. ಹಿನ್ನೀರಿನ ಅಂಚು ಎಲ್ಲಿಗೆ ಬಂದಿದೆಯೋ ಅಲ್ಲಿ ನಿಂತು ನೀರು ತುಂಬಿಕೊಂಡು ಬರುತ್ತಿದ್ದರು. ಹರಿಯುವ ನೀರಿನ ಜಾತಿಗಳು ಒಂದೊಂದಾಗಿ ಕಡಿಮೆಯಾದದ್ದನ್ನು ನಾನೇ ನನ್ನ ಪೆನ್ಸಿಲ್ಲಿನಲ್ಲಿ ಕಂಡೆ. ಮೊದಲ ವರ್ಷ ಹಾಳೆ ಹಾಳೆ ಬರೆದ ಕೆಲವು ಆಕಾರಗಳನ್ನು ಮೂರನೇ ವರ್ಷ ಬರೆಯುವ ಪ್ರಸಂಗವೇ ಬರಲಿಲ್ಲ. ಅವುಗಳ ಬದಲಿಗೆ ಗುಂಡಗಿನವು, ನಕ್ಷತ್ರದಂತಹವು ಬಂದವು. “ಇವೂ ಛಂದ ಅದಾವು,” ಎನ್ನುತ್ತಿದ್ದರು ಅಕ್ಕೋರು, “ಇವುಕ್ಕ ಏನ್ ಮಾಡೂದು, ಇವು ತಪ್ಪ ಮಾಡ್ಯಾವೇನ?” ನನ್ನ ಚಿತ್ರಗಳನ್ನೆಲ್ಲ ಜೋಡಿಸಿ, ಟಿಪ್ಪಣಿ ಬರೆದು, ಧಾರವಾಡದ ಒಬ್ಬ ಪ್ರಾಧ್ಯಾಪಕರಿಗೆ ಕಳಿಸಿದರು. ಉತ್ತರ ಬಹಳ ದಿನ ಬರಲಿಲ್ಲ.

ಊರೂರಿಗೆ ಸೂಕ್ಷ್ಮದರ್ಶಕ ಒಯ್ಯುವುದನ್ನು ಅವರು ಸುರು ಮಾಡಿದ್ದು ಅದೇ ಕಾಲಕ್ಕೆ. ರಜೆ ಬಂದರೆ ಪೆಟ್ಟಿಗೆಯನ್ನು ಕೌದಿಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೊರಡುವರು. ಮುಧೋಳದ ಕಡೆಯ ಸಾಲಿಗಳು, ಮಹಾಲಿಂಗಪುರದ ಪೇಟೆಯ ಒಂದು ಕಟ್ಟೆ, ಹಿಪ್ಪರಗಿಯ ಕಬ್ಬಿನ ಗದ್ದೆಯ ದಂಡೆ. ಚಿಕ್ಕಪಡಸಲಗಿಯಲ್ಲಿ ಬ್ಯಾರೇಜಿನ ಹತ್ತಿರ ಟೇಬಲ್ಲು ಹಾಕಿದಾಗ ಒಬ್ಬ ಮುದುಕ ರೈತ ಬಂದು, “ಈ ಒಡ್ಡ ಕಟ್ಟಾಕ ನಾವ ಕಲ್ಲ ಹೊತ್ತೇವ್ರಿ ಅಕ್ಕೋರ. ಅದರಾಗ ಯಾರ್ ಯಾರ್ ಬಂದ ಉಳದಾರ ತೋರಸ್ರಿ ನೋಡೂಣು,” ಎಂದಿದ್ದ. ಅವನು ಕಣ್ಣಿಟ್ಟು ನೋಡಿ, ಹಿಂದೆ ನಿಂತವರನ್ನೆಲ್ಲ ಮರೆತು, ಕೊಳವೆ ಬಿಡಲೇ ಇಲ್ಲ. ಜನ ಅವರಿಗೆ ಹುಳದ ಅಕ್ಕೋರು ಎಂದು ಹೆಸರಿಟ್ಟರು. ಆ ಹೆಸರು ಕೇಳಿದರೆ ಅವರ ಮುಖ ಅರಳುತ್ತಿತ್ತು. ಎಲ್ಲ ಮುಗಿಸಿ ಮರಳುವಾಗ ಮಾತ್ರ ಮತ್ತೆ ಮಂಕಾಗುತ್ತಿದ್ದರು. ನೂರು ಮಂದಿಗೆ ತೋರಿಸಿ ಬಂದು ಮಾಳಿಗೆಯ ಬೀಗ ತೆಗೆದು, ಒಬ್ಬರಿಗೆ ಅನ್ನ ಇಟ್ಟುಕೊಳ್ಳುವುದು. ಒಂದೊಂದು ಸಲ ಅತ್ತೆ ನನ್ನ ಕೈಯಲ್ಲಿ ರೊಟ್ಟಿ ಕಳಿಸುತ್ತಿದ್ದರು.

ಆಮೇಲೆ ಹೊಳೆ ಬಂದ ವರ್ಷ ನಡೆದದ್ದನ್ನು ಹೇಳಬೇಕು.

ಆ ಮಳೆಗಾಲ ಕೃಷ್ಣೆ ಉಕ್ಕಿ, ಜಮಖಂಡಿ ತಾಲ್ಲೂಕಿನ ದಂಡೆಯ ಊರುಗಳಿಗೆಲ್ಲ ನೀರು ನುಗ್ಗಿತ್ತು. ನೀರು ಇಳಿದ ಮೇಲೆ ವಾಂತಿಭೇದಿ ಸುರುವಾಯಿತು. ಅಕ್ಕೋರು ಹಿಂದೊಮ್ಮೆ ಪ್ರದರ್ಶನ ಮಾಡಿದ್ದ ಒಂದು ಊರಿನಿಂದ ಒಬ್ಬ ನಡುವಯಸ್ಸಿನ ಗಂಡಸು ಮೋಟರ್‌ಸೈಕಲ್ ಮೇಲೆ ನಮ್ಮ ಮನೆಗೆ ಬಂದ. ಕೈಯಲ್ಲಿ ಒಂದು ಬಾಟಲಿ ನೀರು.

“ನಮ್ಮ ಓಣಿ ಬಾಂವೀ ನೀರ್ರಿ ಅಕ್ಕೋರ. ಕುಡೀಬೇಕೋ ಬ್ಯಾಡೋ? ನಿಮ್ಮ ದುರ್ಬೀನಿನಾಗ ನೋಡಿ ಒಂದ ಮಾತ ಹೇಳ್ರಿ.”

ಕರೆಂಟು ಇರಲಿಲ್ಲ. ಅಕ್ಕೋರು ಮೂರು ಸ್ಲೈಡು ಮಾಡಿ ನೋಡಿದರು. ನಾನು ಪಕ್ಕದಲ್ಲೇ ಇದ್ದೆ. ನೀರು ತಿಳಿಯಾಗಿತ್ತು. ಹುಳವಿಲ್ಲ, ಕಸವಿಲ್ಲ, ನಾಲ್ಕಾರು ಡಯಾಟಮ್ ಮಾತ್ರ. “ನನಗೇನೂ ಕಾಣವಲ್ದು. ಛಲೋ ಅದಾವ ಕಾಣಸ್ತಾವ,” ಎಂದರು. ಹೋಗುವಾಗ ಅವನ ಬೆನ್ನಿಗೆ, “ಆದ್ರೂ ಕಾಸಿ ಕುಡೀರೀ,” ಎಂದದ್ದೂ ನನಗೆ ನೆನಪಿದೆ. ಅವನು ಕೇಳಿಸಿಕೊಂಡನೋ ಇಲ್ಲವೋ. ಮೋಟರ್‌ಸೈಕಲ್ ಆಗಲೇ ಸುರು ಮಾಡಿದ್ದ.

ಎಂಟು ದಿನದ ಮೇಲೆ ಅವನೇ ಬಂದ. ತಲೆ ಬೋಳಿಸಿದ್ದ. ಜಗಳ ಮಾಡಲು ಬಂದವನ ಹಾಗಿರಲಿಲ್ಲ. ಮೆಟ್ಟಿಲ ಮೇಲೆ ಕೂತು ಹೇಳಿದ. ಹುಳದ ಅಕ್ಕೋರು ನೋಡಿ ಛಲೋ ಅಂದಾರ ಎಂದು ಅವನು ಓಣಿಗೆಲ್ಲ ಹೇಳಿದ್ದ. ದವಾಖಾನೆಯವರು ಬಂದು ಆ ಬಾವಿ ಬೇಡ ಎಂದರೂ, ದುರ್ಬೀನಿನಲ್ಲಿ ನೋಡಿ ಆಗಿದೆ ಎಂದು ಕೆಲವರು ಅದನ್ನೇ ಸೇದಿ ಕುಡಿದರು. ಎಷ್ಟೋ ಮಂದಿ ಮಲಗಿದರು. ಎಲ್ಲರೂ ಎದ್ದರು, ಅವನ ತಾಯಿ ಒಬ್ಬಾಕೆ ಏಳಲಿಲ್ಲ.

“ನೀವು ಖರೇನ ನೋಡಿದ್ರಿಲ್ಲೋ?” ಎಂದು ಕೇಳಿದ. ಅಷ್ಟೇ ಕೇಳಲು ಬಂದಿದ್ದ.

“ನೋಡಿದೆ,” ಎಂದರು ಅಕ್ಕೋರು.

ಮೂರನೇ ದಿನ ಅವರು ಆ ಊರಿಗೆ ಹೊರಟರು. ನಾನು ಬೇಡ ಎಂದೆ. ಅತ್ತೆಯೂ ಬೇಡ ಎಂದರು, ಜನ ಏನಂದಾರು, ಕೈ ಮಾಡಿಗೀಡ್ಯಾರು ಎಂದು. ಅವರು ಕೇಳದಿದ್ದಾಗ ನಾನೇ ಜೊತೆಗೆ ಹೋದೆ. ಅವನ ಮನೆಯ ಮುಂದೆ ಓಣಿಯವರು ಕೂಡಿದ್ದರು. ಗೋಡೆಯ ಮೇಲೆ ಹೊಳೆ ಬಂದಿದ್ದ ಎತ್ತರದ ಗುರುತು ಇನ್ನೂ ಹಸಿಯಾಗಿತ್ತು. ಅಕ್ಕೋರು ಕಟ್ಟೆಯ ಮೇಲೆ ಕೂಡಲಿಲ್ಲ. ನಿಂತುಕೊಂಡೇ, ಸಾಲಿಯಲ್ಲಿ ಪಾಠ ಹೇಳುವಷ್ಟು ಗಟ್ಟಿ ದನಿಯಲ್ಲಿ ಹೇಳಿದರು:

“ಈ ಬ್ಯಾನಿ ತರೂ ಹುಳ ನನ್ನ ಯಂತ್ರಕ್ಕ ಕಾಣಂಗಿಲ್ಲ. ಅದು ನನಗ ಮೊದಲ ಗೊತ್ತಿತ್ತು. ‘ಇದು ನನ್ನ ಕೈಲಿ ಹೇಳಾಕ ಆಗೂದಿಲ್ಲ, ದವಾಖಾನಿಗೆ ಒಯ್ರಿ’ ಅಂತ ನಾ ಅನ್ನಬೇಕಾಗಿತ್ತು. ಹುಳದ ಅಕ್ಕೋರು ಅಂದ್ರಿ, ಕೇಳಾಕ ಬಂದ್ರಿ, ನನಗ ಹಿಗ್ಗಾತು. ಆ ಹಿಗ್ಗಿನಾಗ ಹೇಳಲಿಲ್ಲ. ತಪ್ಪ ನಂದು.”

ಒಬ್ಬ ಹುಡುಗಿ ಗಟ್ಟಿಯಾಗಿ ಅಳತೊಡಗಿದಳು, ಅವಳನ್ನು ಒಳಗೆ ಕರೆದೊಯ್ದರು. ಆಮೇಲೆ ಆ ಮನೆಯ ಸೊಸೆ, ಸತ್ತಾಕೆಯ ಸೊಸೆ, ಒಂದು ತಂಬಿಗೆ ನೀರು ತಂದು ಅಕ್ಕೋರ ಕೈಗೆ ಕೊಟ್ಟಳು. “ಕಾಸಿದ್ದೈತ್ರಿ. ಕುಡೀರಿ,” ಎಂದಳು. ಅಕ್ಕೋರು ಕುಡಿದರು. ಬಸ್‌ಸ್ಟ್ಯಾಂಡಿನ ತನಕ ಅವರ ತೋಳು ಹಿಡಿದುಕೊಂಡು ಬಂದೆ.

ಆಮೇಲೆ ಒಂದು ವರ್ಷಕ್ಕೂ ಹೆಚ್ಚು ಕಾಲ ಪೆಟ್ಟಿಗೆ ತೆರೆಯಲಿಲ್ಲ. ಕರೆಂಟು ಹೋಗುತ್ತಿತ್ತು, ಮೇಲೆ ಕುರ್ಚಿ ಎಳೆಯುವ ಸಪ್ಪಳ ಇರಲಿಲ್ಲ. ಸಾಲಿಗೆ ಹೋಗಿ ಬರುವರು, ಬಾಗಿಲು ಹಾಕಿಕೊಳ್ಳುವರು. ನಾನು ಹೋದರೆ ನನ್ನ ಓದಿನ ವಿಷಯ ಮಾತ್ರ ಮಾತಾಡುವರು. ನಾನು ಬಿಟ್ಟ ಪಿಯುಸಿಯನ್ನು ಖಾಸಗಿಯಾಗಿ ಮುಗಿಸಿದ್ದು, ಆಮೇಲೆ ಪ್ರಯೋಗಾಲಯದ ತಂತ್ರಜ್ಞರ ಡಿಪ್ಲೊಮಾಕ್ಕೆ ಅರ್ಜಿ ಹಾಕಿದ್ದು ಆ ದಿನಗಳಲ್ಲಿಯೇ. ಎರಡನ್ನೂ ಅವರೇ ಹಟ ಹಿಡಿದು ಮಾಡಿಸಿದರು. ನನ್ನ ಮಾವ ಒಪ್ಪಲಿಲ್ಲ. “ನಮ್ಮ ಮನಿ ಸೊಸಿ ಮಂದೀ ಹೇಲು ಉಚ್ಚಿ ನೋಡೂ ನೌಕರಿಗೆ ಹೋಗಬೇಕೇನ್ರಿ?” ಎಂದು ಕೂಗಾಡಿದರು.

ಅಕ್ಕೋರು ಮೆಟ್ಟಿಲ ಮೇಲೆ ನಿಂತು, “ಹೌದ್ರಿ ಅಣ್ಣಾರ. ಅದನ್ನ ಸರಿಯಾಗಿ ನೋಡಾವ್ರು ಒಬ್ರು ಇದ್ದಿದ್ರ ಆ ಮುದಕಿ ಉಳೀತಿದ್ಲು,” ಎಂದರು. ಮಾವ ಮಗ್ಗದ ಕಡೆ ನಡೆದರು. ಮರುದಿನ ಅರ್ಜಿಗೆ ಸಹಿ ಮಾಡಿದರು.

ನನ್ನ ಓದು ಮುಗಿಯುವ ಹೊತ್ತಿಗೆ ಧಾರವಾಡದಿಂದ ಪತ್ರ ಬಂತು. ವಿಳಾಸದಲ್ಲಿ ಅಕ್ಕೋರ ಹೆಸರಿನ ಮೊದಲು, ಗಂಡಸರ ಹೆಸರಿಗೆ ಹಚ್ಚುವ ಹಾಗೆ, ಶ್ರೀಯುತ ಎಂದಿತ್ತು. ಚಿತ್ರಗಳು ಯಾವುದೋ ಕಡತದಲ್ಲಿ ಸೇರಿಹೋಗಿದ್ದವು, ಕ್ಷಮಿಸಬೇಕು ಎಂದು ಪ್ರಾಧ್ಯಾಪಕರು ಬರೆದಿದ್ದರು. ಅಣೆಕಟ್ಟೆಗೆ ನೀರು ನಿಲ್ಲುವ ಮುಂಚಿನ ಆ ದಂಡೆಯ ಮಾದರಿಗಳು ಬೇರೆ ಯಾರ ಹತ್ತಿರವೂ ಇದ್ದಂತಿಲ್ಲ, ಬಾಟಲಿಗಳನ್ನು ತನ್ನಿ, ಇಲ್ಲಿನ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡೋಣ ಎಂದಿದ್ದರು. ಅಕ್ಕೋರು ಪತ್ರವನ್ನು ನನಗೆ ಕೊಟ್ಟು ಓದಿಸಿದರು, ಮತ್ತೆ ತಾವು ಓದಿದರು, ಮತ್ತೆ ನನಗೆ ಕೊಟ್ಟರು.

ಬಾಟಲಿಗಳನ್ನು ಹೊತ್ತು ಇಬ್ಬರೂ ಧಾರವಾಡಕ್ಕೆ ಹೋದೆವು. ಆ ಯಂತ್ರ ನೆಲಮಾಳಿಗೆಯ ಒಂದು ತಂಪು ಖೋಲಿಯಲ್ಲಿತ್ತು. ಚಪ್ಪಲಿ ಹೊರಗೆ ಬಿಟ್ಟು ಹೋಗಬೇಕು. ಒಂದು ಆಳೆತ್ತರದ ಕಂಬದ ಹಾಗಿದ್ದ ಅದಕ್ಕೆ ಕಣ್ಣಿಟ್ಟು ನೋಡುವ ಜಾಗವೇ ಇರಲಿಲ್ಲ. ನೋಡುವುದೆಲ್ಲ ಪಕ್ಕದ ಕಂಪ್ಯೂಟರಿನ ಪರದೆಯಲ್ಲಿ. ಮಾದರಿಗೆ ಮೊದಲು ಬಂಗಾರದ ತೆಳು ಲೇಪ ಕೊಡುತ್ತಾರೆ, ಆಗಲೇ ಅದು ಕಾಣುವುದು ಎಂದು ಅದನ್ನು ನಡೆಸುವ ಹುಬ್ಬಳ್ಳಿ ಕಡೆಯ ಹುಡುಗ ಹೇಳಿದ. “ನಮ್ಮ ಊರ ರಾಡಿಗೆ ಬಂಗಾರಾ!” ಎಂದು ಅಕ್ಕೋರು ನಕ್ಕರು. ಬಹಳ ದಿನಗಳ ಮೇಲೆ ಅವರ ನಗು ಕಂಡೆ.

ಪರದೆಯ ಮೇಲೆ ಮೊದಲು ಬೂದು ಮಂಜು. ಹುಡುಗ ಗುಂಡಿ ತಿರುಗಿಸಿದಂತೆ ಒಂದು ಚಿಪ್ಪು ಎದ್ದುಬಂತು. ನಾನು ವರ್ಷಗಟ್ಟಲೆ ಗೆರೆ ಎಂದು ಬರೆದದ್ದು ಗೆರೆಯೇ ಆಗಿರಲಿಲ್ಲ. ಪ್ರತಿ ಗೆರೆಯೂ ಸಾಲಾಗಿ ಕೊರೆದ ತೂತುಗಳು. ಇನ್ನೂ ಹತ್ತಿರ ಹೋದರೆ ಪ್ರತಿ ತೂತಿಗೂ ಜರಡಿಯಂತಹ ಮುಚ್ಚಳ. ಅಕ್ಕೋರು ಕುರ್ಚಿಯ ಅಂಚಿಗೆ ಬಂದು, ರೂಢಿಯ ಮೇಲೆ ಎಡಗಣ್ಣು ಮುಚ್ಚಿಕೊಂಡು ಪರದೆ ನೋಡುತ್ತಿದ್ದರು.

“ಎರಡೂ ಕಣ್ಣ ತಗೀರಿ ಅಕ್ಕೋರ,” ಎಂದೆ. ಅವರಿಗೆ ಕೇಳಲಿಲ್ಲ.

ಚಿತ್ರ ಉಳಿಸುವ ಮುಂಚೆ ಹುಡುಗ, “ಮಾದರಿ ಎಲ್ಲೀದ್ರಿ ಮೇಡಂ? ಊರ ಹೆಸರು?” ಎಂದು ಕೇಳಿದ. ಅಕ್ಕೋರು ಹೇಳಿದರು. ಅವನು ಬರೆದುಕೊಂಡು, ತಪ್ಪಾಗಿದೆಯೇ ನೋಡಿ ಎಂದ. ಚಿತ್ರದ ಕೆಳಗೆ, ಅಳತೆಯ ಗೀಟಿನ ಪಕ್ಕದಲ್ಲಿ, ಬಸ್ಸಿನ ಬೋರ್ಡಿನಿಂದಲೂ ಅಳಿಸಿಹೋಗಿದ್ದ ಆ ಊರಿನ ಹೆಸರು ಬಿಳಿ ಅಕ್ಷರದಲ್ಲಿ ಮೂಡಿತ್ತು. “ಬರೋಬ್ಬರಿ ಐತಿ,” ಎಂದು ಅಕ್ಕೋರು ಸೆರಗಿನಿಂದ ಮೂಗು ಒರೆಸಿಕೊಂಡರು.

ಹೊರಡುವ ಮುಂಚೆ ಅವರು ಕೇಳಿದ ಪ್ರಶ್ನೆ ನನಗೆ ಇನ್ನೂ ಕಿವಿಯಲ್ಲಿದೆ. “ತಮ್ಮಾ, ಒಂದು ಬಾಟಲಿ ಬಾಂವಿ ನೀರು ತಂದ್ರ, ಅದರಾಗ ವಾಂತಿಭೇದಿ ಹುಳ ಐತೋ ಇಲ್ಲೋ ಇದರಾಗ ಹೇಳಾಕ ಆಕ್ಕೈತೇನು?”

ಹುಡುಗ ತಲೆ ಆಡಿಸಿದ. “ಹುಳ ಕಾಣತಾವ್ರಿ ಮೇಡಂ, ನಾವ್ ನೋಡೂ ಜಾಗಾದಾಗ ಇದ್ರ. ಆದ್ರ ಒಂದ ಬಾಟ್ಲಿ ನೀರಾಗ ಅವನ್ನ ಹುಡಕಾಕ ಇದರ ಕೈಲೆ ಆಗೂದಿಲ್ರಿ. ಅದನ್ನ ಲ್ಯಾಬಿನಾಗ ಬೆಳಸೇ ನೋಡಬೇಕು.”

“ಇಷ್ಟ ದೊಡ್ಡದಕ್ಕೂ ಆಗೂದಿಲ್ಲ?”

“ಆಗೂದಿಲ್ರಿ.”

ಅಕ್ಕೋರು ಆ ಕಂಬವನ್ನು ಒಮ್ಮೆ ಮೇಲಿನಿಂದ ಕೆಳಗೆ ನೋಡಿದರು. ಹೊರಗೆ ಬಂದು ಬೇವಿನ ಗಿಡದ ಕೆಳಗೆ ಚಪ್ಪಲಿ ಹಾಕಿಕೊಳ್ಳುವಾಗ ನನಗೆ ಅಂದರು: “ಅದಕ್ಕೂ ಆಗೂದಿಲ್ಲ ಅಂದ್ಕೂಡ್ಲೆ ನನ್ನ ತಪ್ಪ ಸಣ್ಣದೇನ ಆಗಲಿಲ್ಲ. ಆದ್ರ ಇನ್ನ ಮ್ಯಾಲ ತೋರಸಾಕ ಹೋಗಬೋದು ಅನಸ್ತೈತಿ. ಮೊದಲ ಇದನ್ನ ಹೇಳಿ ಆಮ್ಯಾಲ ತೋರಸಬೇಕು.”

ಹಾಗೇ ಮಾಡಿದರು. ಆ ಚಿತ್ರಗಳನ್ನು ಜಮಖಂಡಿಯ ಒಂದು ಬ್ಯಾನರ್ ಅಂಗಡಿಯಲ್ಲಿ ದೊಡ್ಡದಾಗಿ ಫ್ಲೆಕ್ಸ್ ಮಾಡಿಸಿದರು. ಪುಢಾರಿಗಳ ಹುಟ್ಟುಹಬ್ಬದ ಬ್ಯಾನರ್ ಮಾಡುವ ಅಂಗಡಿಯವನು, “ಇದು ಯಾರ ಫೋಟೋರಿ?” ಎಂದು ಎರಡು ಸಲ ಕೇಳಿದನಂತೆ. ಮೊದಲ ಪ್ರದರ್ಶನ ಅವರ ಊರಿನ ಜನ ಇದ್ದ ಒಂದು ಪುನರ್ವಸತಿ ಕೇಂದ್ರದಲ್ಲಿ. ಅಲ್ಲಿಗೆ ಅವರು ಅಲ್ಲಿಯ ತನಕ ಹೋಗಿರಲಿಲ್ಲ. ನೇರ ರಸ್ತೆಗಳು, ನಂಬರು ಬರೆದ ಮನೆಗಳು, ನೆರಳಿಲ್ಲ. ಸಮುದಾಯ ಭವನದ ಗೋಡೆಗೆ ಫ್ಲೆಕ್ಸ್ ಕಟ್ಟಿ, ತಮ್ಮ ಹಳೆಯ ಸೂಕ್ಷ್ಮದರ್ಶಕವನ್ನು ಕಿಟಕಿಯ ಹತ್ತಿರ ಇಟ್ಟು, ಅಕ್ಕೋರು ಮೊದಲು ತಮ್ಮ ಯಂತ್ರದಲ್ಲಿ ಏನು ಕಾಣುವುದಿಲ್ಲ ಎಂಬುದನ್ನು ಹೇಳಿದರು. ಯಾಕೆ ಹೇಳುತ್ತೇನೆ ಎಂಬುದನ್ನೂ ಮುಚ್ಚಿಡದೆ ಹೇಳಿದರು. ಆಮೇಲೆ ಫ್ಲೆಕ್ಸಿನ ಕಡೆ ಕೈ ತೋರಿಸಿ, “ಇದು ನಮ್ಮ ಪಾವಟಿಗಿ ಕಲ್ಲಿನ ಮ್ಯಾಲಿಂದು,” ಎಂದರು.

ಮುಂದೆ ಕೂತಿದ್ದ ಒಬ್ಬ ಮುದುಕಿ ಕೋಲೂರಿ ಎದ್ದು ಫ್ಲೆಕ್ಸಿನ ಹತ್ತಿರ ಹೋಗಿ ಅಂಗೈಯಿಂದ ಅದನ್ನು ಸವರಿದಳು.

“ಯವ್ವಾ, ಪಾವಟಿಗಿ ಮ್ಯಾಲ ಕಾಲ ಜಾರತಿತ್ತಲ್ಲ, ಅದು ಇದರಿಂದನ ಏನ?”

“ಹೌದಬೇ ಆಯಿ. ಇದರಿಂದನ.”

“ಹಂಗಾರ ನನ್ನ ಸೊಂಟಾ ಮುರದದ್ದು ಇದಾ ಏನ!” ಎಂದು ಮುದುಕಿ ಫ್ಲೆಕ್ಸಿಗೆ ಒಂದು ಏಟು ಹಾಕಿದಳು.

ಭವನವೆಲ್ಲ ನಕ್ಕಿತು. ಆಮೇಲೆ ಒಬ್ಬೊಬ್ಬರೇ ಸುರು ಮಾಡಿದರು. ಯಾರು ಎಲ್ಲಿ ಜಾರಿದರು, ಯಾವ ಮದುಮಗಳು ಕೊಡದ ಸಮೇತ ಬಿದ್ದಳು, ಯಾವ ಮಾಸ್ತರು ಧೋತರ ಬಿಟ್ಟುಕೊಂಡು ಓಡಿದರು. ಅಗಸರ ಕಲ್ಲಿನ ಎಡಕ್ಕೆ ಜಾಸ್ತಿ ಜಾರುತ್ತಿತ್ತು ಎಂದು ಒಬ್ಬ, ಅಲ್ಲ, ಬಲಕ್ಕೆ ಎಂದು ಇನ್ನೊಬ್ಬ. ಎದ್ದು ನಿಂತು ವಾದಿಸಿದರು. ಸೂಕ್ಷ್ಮದರ್ಶಕದ ಹತ್ತಿರ ಬಹಳ ಹೊತ್ತು ಯಾರೂ ಬರಲಿಲ್ಲ. ಅಕ್ಕೋರು ಅದರ ಪಕ್ಕದ ಕುರ್ಚಿಯಲ್ಲಿ ಕೂತು, ಎರಡೂ ಕೈ ಮಡಿಲಲ್ಲಿಟ್ಟುಕೊಂಡು, ತಮ್ಮೂರಿನವರು ಜಗಳಾಡುವುದನ್ನು ಕೇಳುತ್ತಿದ್ದರು. ನಾನು ಅವರನ್ನು ಅಷ್ಟು ನೆಮ್ಮದಿಯಾಗಿ ಕಂಡದ್ದು ಅದೊಂದೇ ದಿನ.

ಮುಂದಿನದು ಹೆಚ್ಚು ಇಲ್ಲ. ನನಗೆ ಮುಧೋಳದ ಕಡೆ ಒಂದು ಆಸ್ಪತ್ರೆಯ ಪ್ರಯೋಗಾಲಯದಲ್ಲಿ ನೌಕರಿ ಸಿಕ್ಕಿತು. ನಾನು, ಗಂಡ, ಮಗಳು ಅಲ್ಲೇ ಮನೆ ಮಾಡಿದೆವು. ಅಕ್ಕೋರು ಜಮಖಂಡಿಗೆ ವರ್ಗವಾಗಿ, ಅಲ್ಲಿಯೇ ನಿವೃತ್ತರಾಗಿ, ಒಂದು ಖೋಲಿ ಹಿಡಿದು ಉಳಿದರು. ಪ್ರಾಧ್ಯಾಪಕರು ಬರೆದ ಪ್ರಬಂಧದಲ್ಲಿ ಅವರ ಹೆಸರೂ ನನ್ನ ಹೆಸರೂ ಬಂತು. ಆ ಸಂಚಿಕೆಯನ್ನು ನನಗೆ ಕೊಡಲೆಂದೇ ಬಸ್ಸು ಹಿಡಿದು ಬಂದಿದ್ದರು.

ಆಮೇಲೆ ಸಕ್ಕರೆ ಕಾಯಿಲೆ ಅವರ ಕಣ್ಣಿಗೆ ಇಳಿಯಿತು. ನಡೆದಾಡುವಷ್ಟು ಕಾಣುತ್ತಿತ್ತು, ಎದುರಿನವರ ಮುಖದ ನಡುವೆ ಮಾತ್ರ ಒಂದು ಕಪ್ಪು ಕಲೆ ಎನ್ನುತ್ತಿದ್ದರು. ಕೊಳವೆಯಲ್ಲಿ ಏನೂ ತಿಳಿಯದಾಯಿತು. ಫೋನು ಮಾಡಿ, “ತಂಗಿ, ಭಾನುವಾರ ಬಾ. ನೀ ನೋಡಿ ಹೇಳು, ನಾ ಕೇಳತೇನಿ,” ಎಂದರು. ಮೂರು ಭಾನುವಾರ ಹೋದೆ. ನಾನು ನೋಡಿ ಹೇಳುತ್ತಿದ್ದರೆ ಅವರು ಕಣ್ಣು ಮುಚ್ಚಿ, ಎಷ್ಟು ಗೆರೆ, ತುದಿ ಚೂಪೋ ಮೊಂಡೋ ಎಂದು ಕೇಳುತ್ತಿದ್ದರು. ನಾಲ್ಕನೇ ಭಾನುವಾರ ನನಗೆ ಡ್ಯೂಟಿ ಇತ್ತು. ಆಮೇಲೆ ಮಗಳ ಪರೀಕ್ಷೆ. ಆಮೇಲೆ ಏನಿತ್ತೋ ನನಗೇ ನೆನಪಿಲ್ಲ. ಅವರು ಮತ್ತೆ ಕರೆಯಲಿಲ್ಲ, ನಾನೂ ಹೋಗಲಿಲ್ಲ. ಒಂದೂವರೆ ವರ್ಷ ಕಳೆಯಿತು.

ಅವರು ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು ಎರಡು ದಿನ ತಡವಾಗಿ. ಸಾಲಿಯವರು, ಅಕ್ಕಪಕ್ಕದವರು ಸೇರಿ ಎಲ್ಲ ಮುಗಿಸಿದ್ದರು. ತಮ್ಮನ ವಿಳಾಸ ಯಾರಿಗೂ ಗೊತ್ತಿರಲಿಲ್ಲ. ಮನೆಯ ಮಾಲಕರು ಖೋಲಿಯ ಕೀಲಿಯನ್ನು ನನ್ನ ಕೈಗೆ ಕೊಟ್ಟು, ಪುಸ್ತಕ, ಗಾಜು ಎಲ್ಲ ನಿಮಗೇ ಅಂದಿದ್ದರು ಎಂದರು. ಒಳಗೆ ಹೋಗಿ ನೋಡಿದರೆ ಸೂಕ್ಷ್ಮದರ್ಶಕ ಕಿಟಕಿಯ ಹತ್ತಿರ ಟೇಬಲ್ಲಿನ ಮೇಲೆಯೇ ಇತ್ತು. ಅದರಲ್ಲಿ ಒಂದು ಸ್ಲೈಡು. ಕನ್ನಡಿಯ ಮೇಲೆ ಧೂಳಿರಲಿಲ್ಲ. ಕಣ್ಣು ಮಬ್ಬಾದವರ ಯಂತ್ರವನ್ನು ಯಾರು ಒರೆಸುತ್ತಿದ್ದರು ಎಂದು ನನಗೆ ತಿಳಿಯಲಿಲ್ಲ.

ಅಷ್ಟರಲ್ಲಿ ಬಾಗಿಲಲ್ಲಿ ಹಾಲಿನ ಕ್ಯಾನು ಹಿಡಿದ ಒಬ್ಬ ಹೆಂಗಸು ಬಂದು ನಿಂತಳು. ನಲವತ್ತರ ಸುಮಾರಿನವಳು, ಹಣೆತುಂಬ ಕುಂಕುಮ.

“ನೀವು ಬನಹಟ್ಟಿ ತಂಗೇನ್ರಿ?” ಎಂದಳು. “ಚಿತ್ರಾ ತಗ್ಯಾವ್ರು?”

ಹೌದೆಂದೆ. ಆಕೆ ದಿನಾ ಬೆಳಿಗ್ಗೆ ಹಾಲು ಹಾಕಲು ಬರುತ್ತಿದ್ದಳು. ಒಂದು ದಿನ ಅಕ್ಕೋರು ಕೈಹಿಡಿದು ಕೂಡಿಸಿ, ಇದರಲ್ಲಿ ನೋಡಿ ಏನು ಕಾಣುತ್ತದೆ ಹೇಳು ಎಂದರಂತೆ. ಮೊದಲ ದಿನ ತನ್ನ ರೆಪ್ಪೆಯೇ ಕಂಡಿತು ಎಂದು ಆಕೆ ನಕ್ಕಳು. ಆಮೇಲೆ ದಿನಾ ಒಂದು ಗಾಜು.

“ಒಂದ ಒಂದ ಸಲಾ ಗಿರಾಕಿ ಮನಿಗೆ ಹಾಲ ತಡಾ ಆಗಿ ಬೈಸ್ಕೊಂತಿದ್ದೆರಿ. ಆದ್ರ ಇವರ ಹತ್ರ ಯಾರೂ ಬರತಿರಲಿಲ್ಲ ನೋಡ್ರಿ. ಹ್ಯಾಂಗ ಎದ್ದ ಹೋಗೂದು?”

ನಾನು ಟೇಬಲ್ಲಿನಿಂದ ಪಕ್ಕಕ್ಕೆ ಸರಿದೆ. ಆಕೆ ಅದನ್ನು ಕರೆದಂತೆ ತಿಳಿದಳೋ ಏನೋ. ಕ್ಯಾನು ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಕನ್ನಡಿಯನ್ನು ಬಿಸಿಲಿಗೆ ಸರಿಯಾಗಿ ತಿರುಗಿಸಿ ಬಾಗಿದಳು. ಸುಮ್ಮನೆ ನೋಡಬಹುದು ಎಂದು ಆಕೆಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಪ್ರತಿದಿನದ ಹಾಗೆಯೇ ಗಟ್ಟಿಯಾಗಿ ಹೇಳತೊಡಗಿದಳು.

“ನಡುವ ಒಂದ ದೋಣಿ ಐತ್ರಿ ಅಕ್ಕೋರ. ಎರಡೂ ತುದಿ ಚೂಪ. ಎಡಕ ಒಂದ ಸಣ್ಣದು, ಅದು ಒಡದೈತಿ. ಮ್ಯಾಲ ಮೂರ ಅದಾವು, ಒಂದಕ್ಕೊಂದು ಹಚ್ಚಿ...”

ನಾನು ಅಕ್ಕೋರ ಮಂಚದ ಅಂಚಿನಲ್ಲಿ ಕೂತು, ಆಕೆ ಹೇಳಿ ಮುಗಿಸುವ ತನಕ ಕೇಳಿದೆ.